ಕಿಂಡಿ, ಕೋಡಿ ಮತ್ತು ದೋಷವೃಕ್ಷ



ಚಿತ್ರದುರ್ಗದ ಕೋಟೆಯನ್ನು ನಿಮ್ಮಲ್ಲಿ ಅನೇಕರು ಹತ್ತಿ ನೋಡಿರಬಹುದು. ನೋಡದವರೂ ಒನಕೆ ಓಬವ್ವನ ಕತೆಯನ್ನು ಕೇಳಿಯೇ ಇರುತ್ತೀರಿ. ಹೈದರ್ ಅಲಿಯ ಸೈನ್ಯ ದುರ್ಗಕ್ಕೆ ಮುತ್ತಿಗೆ ಹಾಕಿದ್ದ ಕಾಲ. ಕಾವಲುಗಾರ ಕಹಳೆ ಮುದ್ದಹನುಮ ಊಟಕ್ಕೆಂದು ಮನೆಗೆ ಬಂದಿದ್ದ. ಅವನಿಗೆ ಕುಡಿಯಲು ನೀರು ತರಲು ಹೋದ ಹೆಂಡತಿ ಓಬವ್ವ, ಬಂಡೆಗಳ ನಡುವಿನ ಕಿಂಡಿಯಲ್ಲಿ ಶತ್ರು ಸೈನಿಕರು ಒಬ್ಬೊಬ್ಬರಾಗಿ ನುಸುಳುತ್ತಿರುವುದನ್ನು ಕಂಡಳು. ಮನೆಯ ಒನಕೆಯನ್ನೇ ಎತ್ತಿಕೊಂಡು ತಲೆ ತೂರಿದವರನ್ನೆಲ್ಲ ಹೊಡೆದು ಉರುಳಿಸಿದಳು. ಇದು ದುರ್ಗದ ಜನ ತಲೆಮಾರುಗಳಿಂದ ಹೇಳಿಕೊಂಡು ಬಂದ ಕತೆ. 1779ರಲ್ಲಿ ಕೋಟೆ ಹೈದರನ ವಶವಾಯಿತಾದರೂ ಓಬವ್ವನ ಹೆಸರು ಉಳಿಯಿತು.

ಈ ಕತೆಯಲ್ಲಿ ಓಬವ್ವನ ಧೈರ್ಯವನ್ನು ನಾವೆಲ್ಲ ಮೆಚ್ಚುತ್ತೇವೆ. ಆದರೆ ಇಲ್ಲಿ ಎಂಜಿನಿಯರ್ ಒಬ್ಬ ಕೇಳಬಹುದಾದ ಪ್ರಶ್ನೆಯೂ ಒಂದಿದೆ. ಏಳು ಸುತ್ತಿನ ಕೋಟೆ ಎಂದು ಹೆಸರಾದ ದುರ್ಗಕ್ಕೆ ಒಂದು ಸಣ್ಣ ಕಿಂಡಿಯಿಂದ ಅಷ್ಟು ದೊಡ್ಡ ಅಪಾಯ ಬಂದದ್ದು ಹೇಗೆ? ಏಳು ಗೋಡೆಗಳು ಏನು ಮಾಡುತ್ತಿದ್ದವು?

ಈ ಬಗೆಯ ಪ್ರಶ್ನೆಗಳಿಗೆ ಲೆಕ್ಕಾಚಾರದಿಂದ ಉತ್ತರ ಹೇಳುವ ವಿಧಾನವೊಂದು ಇಪ್ಪತ್ತನೆಯ ಶತಮಾನದಲ್ಲಿ ರೂಪುಗೊಂಡಿತು. ಅದಕ್ಕೆ ಫಾಲ್ಟ್ ಟ್ರೀ ಅನಾಲಿಸಿಸ್ ಎಂದು ಹೆಸರು. ನಾವು ದೋಷವೃಕ್ಷ ವಿಶ್ಲೇಷಣೆ ಎನ್ನೋಣ. ಅದರ ಇತಿಹಾಸವನ್ನೂ, ಅದಕ್ಕಾಗಿ ಇಂದು ಹಣ ಕೊಡದೆ ಪಡೆಯಬಹುದಾದ ತಂತ್ರಾಂಶಗಳನ್ನೂ ಈ ಪುಟಗಳಲ್ಲಿ ಪರಿಚಯಿಸುತ್ತೇನೆ.

ತಲೆಕೆಳಗಾದ ಮರ

ದೋಷವೃಕ್ಷವನ್ನು ಬರೆಯಲು ಮೊದಲು ಯಾವುದು ಆಗಬಾರದೋ ಅದನ್ನು ಹಾಳೆಯ ಮೇಲ್ತುದಿಯಲ್ಲಿ ಬರೆಯಬೇಕು. 'ಶತ್ರು ಕೋಟೆಯೊಳಕ್ಕೆ ಬಂದ' ಎಂದು ಬರೆಯಿರಿ. ಇದು ಮೇಲ್ಘಟನೆ. ಇದು ಯಾವ ಯಾವ ಕಾರಣಗಳಿಂದ ಆಗಬಹುದು ಎಂದು ಕೆಳಕ್ಕೆ ಕೊಂಬೆಗಳನ್ನು ಎಳೆಯುತ್ತ ಹೋಗಿ. ಇನ್ನು ಒಡೆಯಲು ಸಾಧ್ಯವಿಲ್ಲ ಅಥವಾ ಅಗತ್ಯವಿಲ್ಲ ಎನ್ನುವ ಕಾರಣ ಸಿಕ್ಕಾಗ ನಿಲ್ಲಿಸಿ. ಅವು ಮೂಲ ಘಟನೆಗಳು. ಕೊಂಬೆಗಳು ಕೂಡುವಲ್ಲಿ ಎರಡು ಬಗೆಯ ದ್ವಾರಗಳಿರುತ್ತವೆ. ಒಂದು 'ಅಥವಾ', ಇನ್ನೊಂದು 'ಮತ್ತು'.

ಹೊಳಲ್ಕೆರೆಯ ಅಡಿಕೆ ತೋಟವೊಂದನ್ನು ನೆನೆಯಿರಿ. ಕೊಳವೆಬಾವಿಯಿಂದ ನೀರು ಬರಲಿಲ್ಲ. ಏಕೆ? ವಿದ್ಯುತ್ ಇರಲಿಲ್ಲ, ಅಥವಾ ಮೋಟಾರು ಸುಟ್ಟಿತ್ತು, ಅಥವಾ ಅಂತರ್ಜಲ ಕೆಳಗಿಳಿದಿತ್ತು. ಯಾವುದಾದರೂ ಒಂದು ನಡೆದರೆ ಸಾಕು, ತೋಟ ಒಣಗುತ್ತದೆ. ಇದು 'ಅಥವಾ' ದ್ವಾರ. ಇಲ್ಲಿ ಸಂಭವನೀಯತೆಗಳು ಹೆಚ್ಚುಕಡಿಮೆ ಕೂಡುತ್ತವೆ.

ಇನ್ನು ಹೊಸದುರ್ಗದ ಕಡೆಯ ಗುಡ್ಡಗಳ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳನ್ನು ನೋಡಿ. ಬಿರುಗಾಳಿ ಬಂದಾಗ ಅವುಗಳ ರೆಕ್ಕೆಗಳು ಮಗ್ಗುಲು ತಿರುಗಿ ಗಾಳಿಯಿಂದ ತಪ್ಪಿಸಿಕೊಳ್ಳುತ್ತವೆ. ಅದಲ್ಲದೆ ಅಚ್ಚನ್ನು ಹಿಡಿಯಲು ಬೇರೆ ಬ್ರೇಕು ಇರುತ್ತದೆ. ಯಂತ್ರ ಹತೋಟಿ ತಪ್ಪಬೇಕಾದರೆ ರೆಕ್ಕೆಯ ವ್ಯವಸ್ಥೆಯೂ ಬ್ರೇಕೂ ಎರಡೂ ಕೈಕೊಡಬೇಕು. ಇದು 'ಮತ್ತು' ದ್ವಾರ. ಇಲ್ಲಿ ಸಂಭವನೀಯತೆಗಳನ್ನು ಗುಣಿಸಬೇಕು. ನೂರರಲ್ಲಿ ಒಂದನ್ನು ನೂರರಲ್ಲಿ ಒಂದರಿಂದ ಗುಣಿಸಿದರೆ ಹತ್ತು ಸಾವಿರದಲ್ಲಿ ಒಂದು.

ಈಗ ಕೋಟೆಗೆ ಮರಳೋಣ. ಒಂದೊಂದು ಗೋಡೆಯನ್ನು ಶತ್ರು ದಾಟುವ ಸಂಭವ ಎರಡರಲ್ಲಿ ಒಂದು ಎಂದು ಉದಾಹರಣೆಗೆ ಹಿಡಿಯಿರಿ. ಏಳನ್ನೂ ದಾಟುವ ಸಂಭವ 128ರಲ್ಲಿ ಒಂದು. ಆದರೆ ಕಿಂಡಿಯಲ್ಲಿ ನುಸುಳುವ ಸಂಭವ ಹತ್ತರಲ್ಲಿ ಒಂದಿದ್ದರೆ? ಗೋಡೆಗಳ ಕೊಂಬೆ ಮತ್ತು ಕಿಂಡಿಯ ಕೊಂಬೆ 'ಅಥವಾ' ದ್ವಾರದಲ್ಲಿ ಕೂಡುತ್ತವೆ. ಮೇಲ್ಘಟನೆಯ ಸಂಭವ ನೂರಕ್ಕೆ ಸುಮಾರು 10.7 ಆಗುತ್ತದೆ. ಪಾಳೆಯಗಾರ ಇನ್ನೂ ಏಳು ಗೋಡೆ ಕಟ್ಟಿಸಿದ್ದರೂ ಅದು ನೂರಕ್ಕೆ 10ಕ್ಕಿಂತ ಕೆಳಗೆ ಇಳಿಯುತ್ತಿರಲಿಲ್ಲ. ಅಷ್ಟೆಲ್ಲ ಕಲ್ಲು ಹೊರುವ ಬದಲು ಕಿಂಡಿಯ ಬಳಿ ಇನ್ನೊಬ್ಬ ಕಾವಲುಗಾರನನ್ನು ನಿಲ್ಲಿಸುವುದು ಲೇಸು. ಹಣ ಮತ್ತು ಶ್ರಮವನ್ನು ಎಲ್ಲಿ ಹಾಕಬೇಕು ಎಂದು ತೋರಿಸುವುದೇ ದೋಷವೃಕ್ಷದ ಮುಖ್ಯ ಪ್ರಯೋಜನ.

ಕ್ಷಿಪಣಿಯಿಂದ ಅಣುಸ್ಥಾವರಕ್ಕೆ

'ಮತ್ತು', 'ಅಥವಾ' ಎಂಬ ಪದಗಳಿಗೆ ಬೀಜಗಣಿತ ಕಟ್ಟಿಕೊಟ್ಟವನು ಜಾರ್ಜ್ ಬೂಲ್. ಅವನ ಪ್ರಸಿದ್ಧ ಗ್ರಂಥ 1854ರಲ್ಲಿ ಹೊರಬಂತು. ಅದೇ ಬೀಜಗಣಿತದಿಂದ ವಿದ್ಯುತ್ ಸ್ವಿಚ್ಚುಗಳ ಮಂಡಲಗಳನ್ನು ಬಿಡಿಸಬಹುದು ಎಂದು ಕ್ಲಾಡ್ ಶ್ಯಾನನ್ 1937ರಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ತೋರಿಸಿದ. ನೀವು ಪಿಯುಸಿಯಲ್ಲಿ ಕಲಿಯುವ ತರ್ಕದ್ವಾರಗಳ ಮೂಲ ಇದು.

ಇದನ್ನು ಅಪಘಾತಗಳ ಲೆಕ್ಕಕ್ಕೆ ತಿರುಗಿಸಿದ್ದು ಅಮೆರಿಕದ ಬೆಲ್ ಪ್ರಯೋಗಾಲಯದ ಎಚ್.ಎ. ವಾಟ್ಸನ್. ಕಾಲ 1961-62. ಮಿನಿಟ್‌ಮ್ಯಾನ್ ಎಂಬ ಖಂಡಾಂತರ ಕ್ಷಿಪಣಿಯ ಉಡಾವಣಾ ನಿಯಂತ್ರಣ ವ್ಯವಸ್ಥೆಯನ್ನು ಅಲ್ಲಿನ ವಾಯುಪಡೆಗಾಗಿ ಪರೀಕ್ಷಿಸಬೇಕಾಗಿತ್ತು. ಅಪ್ಪಣೆಯಿಲ್ಲದೆ ಕ್ಷಿಪಣಿ ಹಾರಿಬಿಟ್ಟರೆ? ಇಂಥ ಘಟನೆ ಒಮ್ಮೆ ನಡೆದ ಮೇಲೆ ಪಾಠ ಕಲಿಯುತ್ತೇವೆ ಎನ್ನುವಂತಿರಲಿಲ್ಲ. ನಡೆಯುವ ಮೊದಲೇ ಎಲ್ಲ ದಾರಿಗಳನ್ನೂ ಕಾಗದದ ಮೇಲೆ ಹುಡುಕಬೇಕಿತ್ತು. ಬೋಯಿಂಗ್ ಸಂಸ್ಥೆಯ ಡೇವಿಡ್ ಹಾಸ್ಲ್ ಈ ವಿಧಾನದ ಬೆಲೆಯನ್ನು ಗುರುತಿಸಿ ಬೆಳೆಸಿದರು. 1965ರಲ್ಲಿ ಸಿಯಾಟಲ್ ನಗರದಲ್ಲಿ ನಡೆದ ಸುರಕ್ಷತಾ ವಿಚಾರಗೋಷ್ಠಿಯ ನಂತರ ಅದು ಹೊರಜಗತ್ತಿಗೆ ಪರಿಚಯವಾಯಿತು. 1967ರ ಜನವರಿಯಲ್ಲಿ ಅಪೊಲೊ ನೌಕೆಯೊಂದು ನೆಲದ ಮೇಲಿನ ಪರೀಕ್ಷೆಯಲ್ಲೇ ಹೊತ್ತಿ ಉರಿದು ಮೂವರು ಗಗನಯಾತ್ರಿಗಳು ಸತ್ತ ಮೇಲೆ, ಅಪೊಲೊ ಯೋಜನೆಗೂ ದೋಷವೃಕ್ಷ ಬಂತು.

1975ರಲ್ಲಿ ನಾರ್ಮನ್ ರಾಸ್ಮುಸನ್ ನೇತೃತ್ವದ ತಂಡ ಅಣುವಿದ್ಯುತ್ ಸ್ಥಾವರಗಳ ಅಪಾಯವನ್ನು ಈ ವಿಧಾನದಿಂದ ಲೆಕ್ಕ ಹಾಕಿದ ವರದಿ ಪ್ರಕಟವಾಯಿತು. ದೊಡ್ಡ ಕೊಳವೆ ಒಡೆಯುವುದಕ್ಕಿಂತ ಸಣ್ಣ ಸೋರಿಕೆಗಳೂ ಮನುಷ್ಯರ ತಪ್ಪುಗಳೂ ಹೆಚ್ಚು ಅಪಾಯ ತರಬಲ್ಲವು ಎಂಬ ಸೂಚನೆ ಅದರಲ್ಲಿತ್ತು. ವರದಿಯನ್ನು ಟೀಕಿಸಿದವರೂ ಬಹಳ. ಆದರೆ 1979ರ ಮಾರ್ಚ್‌ನಲ್ಲಿ ತ್ರೀ ಮೈಲ್ ಐಲೆಂಡ್ ಸ್ಥಾವರದಲ್ಲಿ ಕವಾಟವೊಂದು ತೆರೆದೇ ಉಳಿದು, ಅದನ್ನು ನಿರ್ವಾಹಕರು ಗುರುತಿಸದೆ, ಸ್ಥಾವರದ ಒಡಲು ಭಾಗಶಃ ಕರಗಿದಾಗ ಆ ಸೂಚನೆಯನ್ನು ಎಲ್ಲರೂ ಮತ್ತೆ ಓದಿದರು. 1981ರಲ್ಲಿ ಅಮೆರಿಕದ ಅಣು ನಿಯಂತ್ರಣ ಆಯೋಗ ದೋಷವೃಕ್ಷದ ಕೈಪಿಡಿಯನ್ನೇ ಪ್ರಕಟಿಸಿತು. ಅದು ಇಂದಿಗೂ ಬಳಕೆಯಲ್ಲಿದೆ.

ನಮ್ಮ ದೇಶದ ಮಟ್ಟಿಗೆ ಮರೆಯಲಾಗದ ಪಾಠ 1984ರ ಡಿಸೆಂಬರ್ 2-3ರ ರಾತ್ರಿಯ ಭೋಪಾಲ. ವಿಷಾನಿಲದ ತೊಟ್ಟಿಯನ್ನು ತಂಪಾಗಿಡುವ ಶೀತಕ ಯಂತ್ರ ನಿಂತಿತ್ತು. ಸೋರಿದ ಅನಿಲವನ್ನು ಸುಡಬೇಕಾದ ಜ್ವಾಲಾಸ್ತಂಭದ ಸಂಪರ್ಕ ಕಡಿದಿತ್ತು. ಅನಿಲವನ್ನು ತೊಳೆಯಬೇಕಾದ ಯಂತ್ರ ಅಷ್ಟನ್ನು ತಡೆಯಲಾರದೆ ಹೋಯಿತು. ಕಾಗದದ ಮೇಲೆ ಇವೆಲ್ಲ 'ಮತ್ತು' ದ್ವಾರದ ಕೊಂಬೆಗಳು. ಎಲ್ಲವೂ ಒಟ್ಟಿಗೆ ಕೆಡುವುದು ಅತ್ಯಂತ ಅಪರೂಪ ಎಂದು ಗುಣಾಕಾರ ಹೇಳುತ್ತದೆ. ಆದರೆ ಅವು ಸ್ವತಂತ್ರವಾಗಿ ಕೆಟ್ಟಿರಲಿಲ್ಲ. ನಿರ್ವಹಣೆಯಲ್ಲಿನ ಒಂದೇ ಅಲಕ್ಷ್ಯ ಎಲ್ಲವನ್ನೂ ಮುಟ್ಟಿತ್ತು.

ಒಂದೇ ಚೀಲದ ಎರಡು ಟೇಪುಗಳು

ಇದಕ್ಕೆ ಸಮಾನ ಕಾರಣದ ವೈಫಲ್ಯ ಎಂದು ಹೆಸರು. ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ನನ್ನದೇ ತಪ್ಪಿನಿಂದ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಿರಿಯೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ವೃದ್ಧರೊಬ್ಬರ ಸಂದರ್ಶನ ಚಿತ್ರಿಸಿಕೊಂಡಿದ್ದೆ. 1933ರಲ್ಲಿ ಮಾರಿಕಣಿವೆಯ ಕೋಡಿ ಹರಿದಾಗ ಅವರು ಹುಡುಗ. ನೀರು ಎಲ್ಲಿಯವರೆಗೆ ಬಂದಿತ್ತು ಎಂಬುದನ್ನು ಹೊಲದ ಬದುವಿನಲ್ಲಿ ನಡೆದುಕೊಂಡೇ ಹೋಗಿ ಕೋಲಿನಿಂದ ತೋರಿಸಿದರು. ಒಂದು ಹಾಳಾದರೆ ಇನ್ನೊಂದಿರಲಿ ಎಂದು ಎರಡು ಕ್ಯಾಮೆರಾಗಳಲ್ಲಿ, ಎರಡು ಟೇಪುಗಳಲ್ಲಿ ಚಿತ್ರಿಸಿದ್ದೆವು. ಸಂಜೆ ಎರಡನ್ನೂ ಒಂದೇ ಚೀಲದಲ್ಲಿ ಹಾಕಿ ಜೀಪಿನ ಕೆಳಗಡೆ ಇಟ್ಟವನು ನಾನು. ದಾರಿಯಲ್ಲಿ ಮಳೆ. ಹಳ್ಳ ದಾಟುವಾಗ ಜೀಪಿನೊಳಗೆ ನೀರು ನುಗ್ಗಿತು. ಎರಡು ಟೇಪೂ ಹೋದವು. ಮತ್ತೆ ಆ ಊರಿಗೆ ಹೋಗುವ ಹೊತ್ತಿಗೆ ಆ ವೃದ್ಧರು ಇರಲಿಲ್ಲ. ಅವರು ಕೋಲಿಟ್ಟು ತೋರಿಸಿದ ಜಾಗ ನನಗೂ ನೆನಪಿರಲಿಲ್ಲ. ಆ ಜಾಗದ ಬೆಲೆ ಏನೆಂಬುದು ನನಗೆ 2022ರಲ್ಲಿ ಅರ್ಥವಾಯಿತು. ಅದನ್ನು ಮುಂದೆ ಹೇಳುತ್ತೇನೆ.

ಗಣಕ ಮಾಡುವ ಕೆಲಸವೇನು?

ಹತ್ತಿಪ್ಪತ್ತು ಮೂಲ ಘಟನೆಗಳ ಮರವನ್ನು ಕೈಯಲ್ಲೇ ಬಿಡಿಸಬಹುದು. ಅಣುಸ್ಥಾವರದ ಮರದಲ್ಲಿ ಅವು ಸಾವಿರಾರು. ಆದ್ದರಿಂದ ಗಣಕ ಬೇಕು. ಅದು ಮಾಡುವ ಮೊದಲ ಕೆಲಸ, ಮೇಲ್ಘಟನೆ ಸಂಭವಿಸಲು ಸಾಕಾಗುವ ಅತಿ ಸಣ್ಣ ಗುಂಪುಗಳನ್ನು ಹುಡುಕುವುದು. ಇವುಗಳನ್ನು ಕನಿಷ್ಠ ಛೇದಗಣಗಳು ಎನ್ನುತ್ತಾರೆ. 'ಕಿಂಡಿ' ಒಂದು ಗಣ. 'ಕಿಂಡಿ ಮತ್ತು ಮೊದಲ ಗೋಡೆ' ಎಂಬುದೂ ಸಾಕಾಗುತ್ತದೆ, ಆದರೆ ಅದು ಕನಿಷ್ಠವಲ್ಲ. ಕಿಂಡಿಯನ್ನು ಅ ಎಂದೂ ಗೋಡೆಯನ್ನು ಬ ಎಂದೂ ಕರೆದರೆ, ಅ + ಅಬ = ಅ. ಬೂಲನ ಈ ನಿಯಮ ನಿಮ್ಮ ಪಠ್ಯದಲ್ಲೇ ಇದೆ. ಒಂದೇ ಸದಸ್ಯನಿರುವ ಗಣ ಕಂಡರೆ ಎಂಜಿನಿಯರನಿಗೆ ನಿದ್ದೆ ಬರಬಾರದು.

1970ರಲ್ಲಿ ಪ್ರೆಪ್ ಮತ್ತು ಕಿಟ್ ಎಂಬ ಕ್ರಮವಿಧಿಗಳು ಬಂದವು. 1972ರಲ್ಲಿ ಫಸೆಲ್ ಮತ್ತು ವೆಸ್ಲಿ ಎಂಬವರು ಮರವನ್ನು ಮೇಲಿನಿಂದ ಕೆಳಕ್ಕೆ ಬಿಡಿಸುವ ಮೋಕಸ್ ವಿಧಾನ ಕೊಟ್ಟರು. 1993ರಲ್ಲಿ ಫ್ರಾನ್ಸಿನ ಆಂತ್ವಾನ್ ರೋಜಿ ದ್ವಿಮಾನ ನಿರ್ಣಯ ಚಿತ್ರ ಎಂಬ ತಂತ್ರವನ್ನು ದೋಷವೃಕ್ಷಕ್ಕೆ ಅಳವಡಿಸಿದರು. ಇದರಿಂದ ಅಂದಾಜಿಲ್ಲದೆ ನಿಖರ ಉತ್ತರ ಸಿಗುತ್ತದೆ.

ಅಂದಾಜಿಗೂ ನಿಖರಕ್ಕೂ ಅಂತರವೆಷ್ಟು? ಹೊಳಲ್ಕೆರೆಯ ತೋಟಕ್ಕೇ ಹೋಗೋಣ. ಮೂರು ಕಾರಣಗಳ ಸಂಭವ 0.10, 0.05, 0.02 ಎಂದಿರಲಿ. ಸುಮ್ಮನೆ ಕೂಡಿದರೆ 0.17. ಆದರೆ ಎರಡು ಕಾರಣಗಳು ಒಂದೇ ದಿನ ಬಂದದ್ದನ್ನು ಎರಡು ಸಲ ಎಣಿಸಿದಂತಾಯಿತು. ಸರಿಯಾದ ಲೆಕ್ಕ, ಮೂರೂ ಸರಿಯಿರುವ ಸಂಭವವನ್ನು ಒಂದರಿಂದ ಕಳೆಯುವುದು. 0.90, 0.95, 0.98ರ ಗುಣಲಬ್ಧ 0.8379. ಒಂದರಿಂದ ಕಳೆದರೆ 0.1621. ಘಟನೆಗಳು ಅಪರೂಪವಾದಷ್ಟೂ ಈ ಅಂತರ ಕಿರಿದಾಗುತ್ತದೆ.

ಹಣವಿಲ್ಲದವರಿಗೂ ದೊರೆಯುವ ಉಪಕರಣಗಳು

ದೊಡ್ಡ ಸಂಸ್ಥೆಗಳು ಬಳಸುವ ವಾಣಿಜ್ಯ ತಂತ್ರಾಂಶಗಳನ್ನು ಕೊಳ್ಳುವುದು ಕಾಲೇಜಿಗಾಗಲಿ ವಿದ್ಯಾರ್ಥಿಗಾಗಲಿ ಸುಲಭವಲ್ಲ. ಆದರೆ ಬೆಲೆ ಕೊಡದೆ ಸಿಗುವವೂ ಇವೆ. ಇಲ್ಲಿ ಒಂದು ಮಾತು ನೆನಪಿಡಿ. ಪುಕ್ಕಟೆ ಎನ್ನುವುದು ಬೇರೆ, ಮುಕ್ತ ಎನ್ನುವುದು ಬೇರೆ. ಮುಕ್ತ ತಂತ್ರಾಂಶದಲ್ಲಿ ಮೂಲ ಸಂಕೇತವನ್ನು ತೆರೆದು ಓದಬಹುದು, ತಿದ್ದಬಹುದು, ಹಂಚಬಹುದು. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಆರಂಭಿಸಿದ ಗ್ನೂ ಚಳವಳಿಯ ತಿರುಳು ಇದೇ. ಸುರಕ್ಷತೆಯ ವಿಷಯದಲ್ಲಿ ಇದು ಮುಖ್ಯ. ಅಣೆಕಟ್ಟು ಗಟ್ಟಿಯಾಗಿದೆ ಎಂದು ಗಣಕ ಹೇಳಿದರೆ, ಅದು ಆ ಉತ್ತರಕ್ಕೆ ಹೇಗೆ ಬಂತು ಎಂದು ಪರೀಕ್ಷಿಸುವ ಅವಕಾಶ ಇರಬೇಕಲ್ಲವೆ?

ಓಪನ್‌ಎಫ್‌ಟಿಎ: ಬ್ರಿಟನ್ನಿನಲ್ಲಿ ಬೆಳೆದ ಮುಕ್ತ ತಂತ್ರಾಂಶ. ಪರದೆಯ ಮೇಲೆ ಮರವನ್ನು ಚಿತ್ರವಾಗಿ ಬಿಡಿಸಬಹುದು. ಕನಿಷ್ಠ ಛೇದಗಣಗಳನ್ನು ಹುಡುಕಿಕೊಡುತ್ತದೆ. ಪಗಡೆ ಎಸೆದಂತೆ ಸಾವಿರಾರು ಬಾರಿ ಪ್ರಯೋಗ ನಡೆಸಿ ಎಣಿಸುವ ಮಾಂಟೆ ಕಾರ್ಲೊ ವಿಧಾನವೂ ಇದರಲ್ಲಿದೆ. ಕಲಿಯುವವರಿಗೆ ಸುಲಭ. ಆದರೆ ಬಹಳ ವರ್ಷಗಳಿಂದ ಪರಿಷ್ಕರಣೆ ಕಂಡಿಲ್ಲ. ಹೊಸ ಗಣಕದಲ್ಲಿ ಓಡಿಸಲು ಹೆಣಗಾಡಬೇಕಾಗಬಹುದು.

ಸ್ಕ್ರಾಮ್: ಇದೂ ಮುಕ್ತ ತಂತ್ರಾಂಶವೇ. ಮರವನ್ನು ಓಪನ್-ಪಿಎಸ್‌ಎ ಎಂಬ ಸಾಮಾನ್ಯ ನಮೂನೆಯಲ್ಲಿ ಅಕ್ಷರರೂಪದಲ್ಲಿ ಬರೆದುಕೊಡಬೇಕು. ಮೋಕಸ್ ವಿಧಾನ, ನಿರ್ಣಯ ಚಿತ್ರದ ವಿಧಾನ ಎರಡೂ ಇವೆ. ನಮ್ಮ ತೋಟದ ಲೆಕ್ಕವನ್ನು ಕೊಟ್ಟು ಅಂದಾಜು ಉತ್ತರವನ್ನೂ ನಿಖರ ಉತ್ತರವನ್ನೂ ಎರಡನ್ನೂ ಪಡೆದು ಹೋಲಿಸಬಹುದು. ಮೊದಲ ದಿನ ಕಷ್ಟವೆನಿಸೀತು. ಗಣಿತವನ್ನು ಅರಿಯಬೇಕೆನ್ನುವವರಿಗೆ ಇದು ಒಳ್ಳೆಯ ಗುರು.

ಎಕ್ಸ್‌ಎಫ್‌ಟಿಎ: ಮೇಲೆ ಹೇಳಿದ ರೋಜಿಯವರ ಕೊಡುಗೆ. ಹಣ ತೆರದೆ ಬಳಸಬಹುದು. ಬಹು ದೊಡ್ಡ ಮರಗಳನ್ನು ವೇಗವಾಗಿ ಬಿಡಿಸುವುದು ಇದರ ಗುರಿ.

ಆರ್ ಭಾಷೆಯ ಫಾಲ್ಟ್‌ಟ್ರೀ ಕಟ್ಟು: ಸಂಖ್ಯಾಶಾಸ್ತ್ರ ಓದುವ ಪದವಿ ವಿದ್ಯಾರ್ಥಿಗಳಿಗೆ ಆರ್ ಭಾಷೆ ಪರಿಚಿತ. ಅದರಲ್ಲಿ ಒಂದೊಂದು ಸಾಲಿಗೆ ಒಂದೊಂದು ಕೊಂಬೆ ಸೇರಿಸುತ್ತ ಮರವನ್ನು ಕಟ್ಟಿ ಚಿತ್ರವನ್ನೂ ಪಡೆಯಬಹುದು.

ಸ್ಟಾರ್ಮ್: ಜರ್ಮನಿಯ ಆಹೆನ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಮುಕ್ತ ತಂತ್ರಾಂಶ. ಯಾವುದು ಮೊದಲು ಕೆಟ್ಟಿತು, ಯಾವುದು ಆಮೇಲೆ ಎಂಬ ಅನುಕ್ರಮ ಮುಖ್ಯವಾದ ಚಲನಶೀಲ ಮರಗಳಿಗೆ ಇದು ಬೇಕು. ಆರಂಭಿಕರಿಗಲ್ಲ.

ಯಾವುದನ್ನು ಆರಿಸಬೇಕು? ಪಿಯುಸಿ ವಿದ್ಯಾರ್ಥಿಗೆ ಕಾಗದ, ಸೀಸದಕಡ್ಡಿ ಮೊದಲು. ಅನಂತರ ಆರ್. ಎಂಜಿನಿಯರಿಂಗ್ ಓದುವವರು ಸ್ಕ್ರಾಮ್‌ನಲ್ಲಿ ಕಲಿತು, ಅದೇ ಮರವನ್ನು ಎಕ್ಸ್‌ಎಫ್‌ಟಿಎಗೂ ಕೊಟ್ಟು ಉತ್ತರಗಳು ಹೊಂದುತ್ತವೆಯೆ ಎಂದು ನೋಡಿರಿ. ಹೊಂದದಿದ್ದರೆ ಎಲ್ಲೋ ತಪ್ಪಿದೆ. ಆ ತಪ್ಪನ್ನು ಹುಡುಕುವುದೇ ಪಾಠ.

ಎರಡು ಅಣೆಕಟ್ಟುಗಳು

ಈಗ ನಮ್ಮ ನಾಡಿನ ಎರಡು ಅಣೆಕಟ್ಟುಗಳನ್ನು ನೋಡೋಣ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಒಂದು ಕಡೆ ಬೀಳುವ ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ರೈತರು ಕಾದಿದ್ದ ನೀರು ಕಣ್ಣೆದುರೇ ನದಿಗೆ ಹರಿಯಿತು. ಸುಮಾರು ಒಂದು ವಾರದ ಹೋರಾಟದ ನಂತರ ಉಕ್ಕಿನ ತಾತ್ಕಾಲಿಕ ಅಡ್ಡಹಲಗೆಗಳನ್ನು ಇಳಿಸಿ ನೀರನ್ನು ತಡೆದರು. ಈ ಘಟನೆಯ ಮರವನ್ನು ಬರೆದರೆ 'ಸರಪಳಿ ತುಂಡಾಯಿತು' ಎಂಬುದು ಒಂಟಿ ಸದಸ್ಯನ ಗಣ. ಅಲ್ಲಿ ಒಟ್ಟು 33 ಗೇಟುಗಳು. ಒಂದು ಸರಪಳಿ ಒಂದು ವರ್ಷದಲ್ಲಿ ತುಂಡಾಗುವ ಸಂಭವ ಸಾವಿರದಲ್ಲಿ ಒಂದು ಎಂದು ಉದಾಹರಣೆಗೆ ಹಿಡಿದರೂ, 33ರಲ್ಲಿ ಯಾವುದಾದರೂ ಒಂದು ತುಂಡಾಗುವ ಸಂಭವ ನೂರಕ್ಕೆ 3ನ್ನು ಮೀರುತ್ತದೆ.

ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಪೂರ್ಣಗೊಂಡಿತು. ಮಹಾರಾಣಿ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರ ಹೆಸರು ಹೊತ್ತ ಈ ಜಲಾಶಯದ ಹಿನ್ನೀರು ಹೊಸದುರ್ಗ ತಾಲ್ಲೂಕಿನ ಕಡೆಗೆ ಚಾಚಿಕೊಂಡಿದೆ. ಧಾರಣ ಸಾಮರ್ಥ್ಯ ಸುಮಾರು 30 ಟಿಎಂಸಿ ಅಡಿ, ಪೂರ್ಣಮಟ್ಟ 130 ಅಡಿ. ಅದನ್ನು ಮೀರಿದ ನೀರು ಪಕ್ಕದ ಕೋಡಿಯ ಮೇಲೆ ತಾನಾಗಿ ಹರಿಯುತ್ತದೆ. ಆ ಕೋಡಿಗೆ ಗೇಟಿಲ್ಲ, ಸರಪಳಿಯಿಲ್ಲ. ಹಾಗಾಗಿ 'ಸರಪಳಿ ತುಂಡಾಯಿತು', 'ವಿದ್ಯುತ್ ಹೋಗಿ ಗೇಟು ಏಳಲಿಲ್ಲ', 'ಕಾವಲುಗಾರ ನಿದ್ದೆಹೋದ' ಎಂಬ ಕೊಂಬೆಗಳು ಕೋಡಿಯ ಮರದಲ್ಲಿ ಇಲ್ಲವೇ ಇಲ್ಲ. ನಮ್ಮ ಹಳೆಯ ಕೆರೆ ಕಟ್ಟುವವರು ಅನುಸರಿಸಿದ ಜಾಣ್ಮೆಯೂ ಇದೇ.

ಆದರೆ ಇದಕ್ಕೆ ಬೆಲೆಯೂ ಇದೆ. ಗೇಟಿಲ್ಲದ ಕೋಡಿಯಲ್ಲಿ ಎಷ್ಟು ನೀರು, ಯಾವಾಗ ಬಿಡಬೇಕು ಎಂಬ ನಿರ್ಧಾರ ನಮ್ಮ ಕೈಯಲ್ಲಿಲ್ಲ. 1933ರಲ್ಲಿ ಹರಿದ ಕೋಡಿ ಮತ್ತೆ ಹರಿದದ್ದು 89 ವರ್ಷಗಳ ನಂತರ, 2022ರ ಸೆಪ್ಟೆಂಬರಿನಲ್ಲಿ. ಅಷ್ಟು ವರ್ಷ ಒಣಗಿದ ಹಳ್ಳದ ದಾರಿಯನ್ನು ಮೂರು ತಲೆಮಾರು ಮರೆಯುವುದು ಸಹಜ. ಜನ ಬಾಗಿನ ಅರ್ಪಿಸಿ ಸಂಭ್ರಮಿಸಿದರು. ನಾನೂ ಹೋಗಿ ನಿಂತಿದ್ದೆ. ನೀರು ಎಲ್ಲಿಯವರೆಗೆ ಬಂದೀತು ಎಂದು ಅಕ್ಕಪಕ್ಕದವರು ಮಾತಾಡಿಕೊಳ್ಳುತ್ತಿದ್ದಾಗ ಒಂದೇ ಚೀಲದಲ್ಲಿ ನೆನೆದ ಆ ಎರಡು ಟೇಪುಗಳು ನೆನಪಾದವು.

ಇನ್ನೊಂದು ಎಚ್ಚರಿಕೆ. 89 ವರ್ಷಕ್ಕೊಮ್ಮೆ ನಡೆದದ್ದನ್ನು ನೋಡಿ 'ಸಂಭವ 89ರಲ್ಲಿ ಒಂದು' ಎಂದು ತಂತ್ರಾಂಶಕ್ಕೆ ಬರೆದುಕೊಟ್ಟರೆ ಅದು ಮರುಮಾತಿಲ್ಲದೆ ಲೆಕ್ಕ ಹಾಕುತ್ತದೆ. ಆದರೆ ಕೋಡಿ 2025ರ ಜನವರಿಯಲ್ಲಿ ಮತ್ತೆ ಹರಿಯಿತು. ಭದ್ರಾ ಮೇಲ್ದಂಡೆ ಯೋಜನೆಯಿಂದ ಭದ್ರೆಯ ನೀರೂ ಈಗ ವೇದಾವತಿಯ ಮೂಲಕ ಇಲ್ಲಿಗೆ ಬರುತ್ತಿದೆ. ಹಳೆಯ ಅಂಕಿ ಹಳೆಯ ನದಿಯದು. ಈ ಬದಲಾವಣೆಯನ್ನು ಓಪನ್‌ಎಫ್‌ಟಿಎ ಆಗಲಿ ಸ್ಕ್ರಾಮ್ ಆಗಲಿ ತಾನಾಗಿ ತಿಳಿಯಲಾರದು. ನೆಲದ ಮೇಲೆ ನಡೆದಾಡಿ, ಊರಿನ ಹಿರಿಯರನ್ನು ಕೇಳಿ, ಅಳತೆ ತೆಗೆದುಕೊಂಡು ಬರೆದವರಷ್ಟೆ ಅದನ್ನು ಮರಕ್ಕೆ ಸೇರಿಸಬಲ್ಲರು.

ನೀವೇ ಮಾಡಿ ನೋಡಿ

1. ನಿಮ್ಮ ಶಾಲೆಯ ಕುಡಿಯುವ ನೀರಿನ ವ್ಯವಸ್ಥೆಗೆ ಮರ ಬರೆಯಿರಿ. ಮೇಲ್ಘಟನೆ, 'ಮಕ್ಕಳಿಗೆ ನೀರಿಲ್ಲ'. ಒಂಟಿ ಸದಸ್ಯನ ಗಣಗಳು ಎಷ್ಟಿವೆ?

2. ನೀವು 'ಮತ್ತು' ದ್ವಾರ ಹಾಕಿದ ಕಡೆಯಲ್ಲೆಲ್ಲ ಕೇಳಿಕೊಳ್ಳಿ. ಇವೆರಡೂ ನಿಜವಾಗಿ ಬೇರೆ ಬೇರೆಯೆ, ಅಥವಾ ಒಂದೇ ಚೀಲದಲ್ಲಿವೆಯೆ?

3. ಹಿರಿಯೂರು ಕಡೆಯವರಿಗೆ ವಿಶೇಷ ಕೆಲಸ. 2022ರಲ್ಲಿ ಕೋಡಿ ಹರಿದಾಗ ನಿಮ್ಮ ಊರಿನಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ನೋಡಿದವರನ್ನು ಈಗಲೇ ಕೇಳಿ. ಜಾಗವನ್ನು ಗುರುತಿಸಿ, ಅಳೆದು, ದಿನಾಂಕದೊಡನೆ ಬರೆದಿಡಿ. ಒಂದು ಪ್ರತಿ ಶಾಲೆಯ ಗ್ರಂಥಾಲಯದಲ್ಲಿರಲಿ, ಇನ್ನೊಂದು ಗ್ರಾಮ ಪಂಚಾಯಿತಿಯಲ್ಲಿರಲಿ.